ದ್ವೀಪದಲ್ಲಿ ಬಿಟ್ಟುಬಂದ ಗೆಳೆಯ

ಮೊನ್ನೆ ಮೊಮ್ಮಗಳ ನೆತ್ತಿಗೆ ಹರಳೆಣ್ಣೆ ಹಚ್ಚುವಾಗ, ಆ ವಾಸನೆಗೆ ಗ್ಲೆನ್ ವೇವರ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಸ್ಟ್ರೇಲಿಯನ್ ಅಜ್ಜ ನೆನಪಾದರು...

ತೊಂಬತ್ತರ ದಶಕದ ಮೊದಲ ವರ್ಷಗಳು. ಹಿತ್ತಲ ಬಿಸಿಲಿನಲ್ಲಿ ಮಗನಿಗೆ ಎಣ್ಣೆ ಹಚ್ಚುತ್ತಿದ್ದೆ. ಬೇಲಿಯಾಚೆ ಗುಲಾಬಿ ಗಿಡ ಸವರುತ್ತಿದ್ದ ಅಜ್ಜ ಮೂಗರಳಿಸಿ, "ನಮ್ಮ ಎಂಜಿನ್‌ಗೂ ಇದನ್ನೇ ಹಾಕ್ತಿದ್ವಿ" ಎಂದರು. ಮೊದಲ ಮಹಾಯುದ್ಧ ಮುಗಿದ ಕೆಲವು ವರ್ಷಗಳಿಗೆ, ಅವರು ನೀರಿನ ಮೇಲಿಳಿಯುವ ವಿಮಾನವೊಂದರಲ್ಲಿ ಮೆಕ್ಯಾನಿಕ್. ಒಬ್ಬ ಪೈಲಟ್, ಫೋಟೋ ತೆಗೆಯುವ ಒಬ್ಬ ಗೆಳೆಯ, ಜೊತೆಗೆ ಇವರು. ಮುಂದೆ ವಿಮಾನಗಳು ಎಲ್ಲೆಲ್ಲಿ ಇಳಿಯಬಹುದೆಂದು ನೋಡಿ ಗುರುತಿಸಲು ದೇಶದ ಉತ್ತರಕ್ಕಿರುವ ದ್ವೀಪಗಳ ಮೇಲೆ ತಿಂಗಳುಗಟ್ಟಲೆ ಹಾರಿದ್ದರಂತೆ.

ಒಂದು ದ್ವೀಪದಲ್ಲಿ ಗಾಳಿ ಬಿದ್ದುಹೋಯಿತು. ಎದುರುಗಾಳಿಯಿಲ್ಲದೆ ಮೂವರ ಭಾರಕ್ಕೆ ವಿಮಾನ ನೀರು ಬಿಟ್ಟು ಏಳಲಿಲ್ಲ. ಎಂಜಿನ್ ನೋಡಿಕೊಳ್ಳಲು ಅಜ್ಜ ಬೇಕೇ ಬೇಕು. ಮೂರು ದಿನದಲ್ಲಿ ಬರುತ್ತೇವೆಂದು ಫೋಟೋದವನನ್ನು ದಡದಲ್ಲಿ ಬಿಟ್ಟರು. ದಾರಿಯಲ್ಲಿ ಎಂಜಿನ್ ಕೆಟ್ಟಿತು. ಹಿಂತಿರುಗುವಷ್ಟರಲ್ಲಿ ಹನ್ನೊಂದು ದಿನ... ಅವನು ಜ್ವರ ಬಂದು ಸತ್ತಿದ್ದ. ಅವನ ತಂಗಿಗೆ ಅಜ್ಜ ಕಾಗದ ಬರೆದರು: ಕೊನೆಯವರೆಗೂ ಅವನ ಕೈ ಹಿಡಿದು ಕೂತಿದ್ದೆ ಎಂದು.

"ಅವಳಿನ್ನೂ ಸಿಡ್ನಿಯಲ್ಲಿದ್ದಾಳೆ. ನಿಜ ಹೇಳ್ಬೇಕು. ಫೋನಿನಲ್ಲಿ ಹೇಳೋ ಮಾತಲ್ಲ. ಕರ್ಕೊಂಡು ಹೋಗ್ತೀಯಾ?"

ಖಂಡಿತ ಎಂದೆ.

"ಈ ವೀಕೆಂಡ್ ಬೇಡ ಕಣೇ, ಈಸ್ಟರ್‌ಗೆ ಡ್ರೈವ್ ಮಾಡೋಣ" ಎಂದರು ನನ್ನವರು. ಈಸ್ಟರ್ ಬಂತು, ಮೈಸೂರಿನಿಂದ ನೆಂಟರೂ ಬಂದರು. ಅಜ್ಜ ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು.

ಅವರು ಬರೆದುಕೊಟ್ಟಿದ್ದ ವಿಳಾಸ ನನ್ನ ಬಳಿಯಿತ್ತು. ಮರುವರ್ಷ ಸಿಡ್ನಿಗೆ ಹೋದಾಗ, ಪ್ಯಾರಮಟ್ಟಾದಲ್ಲಿದ್ದ ಆ ತಂಗಿಯ ಮನೆ ಹುಡುಕಿಕೊಂಡು ಹೋದೆ. ಅವರಿಗೂ ಎಂಬತ್ತು ದಾಟಿತ್ತು. ಅಜ್ಜ ಹೋದ ಸುದ್ದಿ ಹೇಳಿದೆ.

"ನಮ್ಮಣ್ಣ ಒಬ್ಬನೇ ಸಾಯ್ಲಿಲ್ಲ. ಅದೊಂದು ಸಮಾಧಾನದಲ್ಲೇ ಇಷ್ಟು ವರ್ಷ ಬದುಕಿದೆ. ನಿಂಗೂ ಹೇಳಿರ್ಬೇಕಲ್ಲ ಅವ್ರು?"

ಅಜ್ಜನ ಪರವಾಗಿ ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ.

"ಹೇಳಿದ್ರು," ಎಂದೆ. "ಕೈ ಹಿಡ್ಕೊಂಡೇ ಇದ್ರಂತೆ."

ಆಕೆಯೂ ಈಗಿಲ್ಲ. ಅಜ್ಜನ ಮನೆ ಕೆಡವಿ ಅಲ್ಲಿ ಎರಡು ಮನೆ ಕಟ್ಟಿದ್ದಾರೆ. ಸಾಯುವ ಮೊದಲು ನಿಜ ಹೇಳಿ ಹಗುರಾಗಬೇಕೆಂದಿದ್ದ ಮನುಷ್ಯನ ಸುಳ್ಳನ್ನು ನಾನು ಇನ್ನಷ್ಟು ಭದ್ರ ಮಾಡಿ ಬಂದೆ. ಆಕೆಗೆ ಅದು ಒಳ್ಳೆಯದೇ ಆಯಿತೇನೋ... ಅಜ್ಜನಿಗೆ ಮಾತ್ರ ಆಗಲಿಲ್ಲ. ಆ ಈಸ್ಟರ್‌ಗೆ ನಾವು ಹೊರಟಿದ್ದರೆ, ಅವರ ಮಾತನ್ನು ಅವರೇ ಹೇಳಿಕೊಳ್ಳುತ್ತಿದ್ದರು.