ಸೂಪರ್ ಪೆಟ್ರೋಲ್ ಹಾಕಿಸಿದ ಸಂಜೆ

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಅರಸೀಕೆರೆಯ ಮಂಡಿಯಲ್ಲಿ ನಮ್ಮ ಕಡೆಯ ಕೊಬ್ಬರಿ ತೂಕವಾಗುತ್ತಿದ್ದರೆ ನಾನು ತಕ್ಕಡಿ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದೆ. ಹಮಾಲರು ಬೀಡಿ ಹಚ್ಚಿದರೆ ಸಿಟ್ಟು, ಮಂಡಿಯವರು ಕಾಫಿ ತರಿಸಿದರೆ ಸಿಟ್ಟು. "ಇವ್ರ ಕಾಲಿಗೆ ಚಕ್ರ ಐತೆ ಕಣ್ರೀ, ಕೂರೋದಿಲ್ಲ" ಎಂದು ನಗುತ್ತಿದ್ದರು. ನಗಲಿ. ಅವರ ಮನೆಗಳಲ್ಲಿ ರಾತ್ರಿ ಒಂಬತ್ತಕ್ಕೂ ಅನ್ನ ಬಡಿಸುವವರಿದ್ದರು.

ನಮ್ಮದು ಹಳೇಬೀಡಿನ ಬಸದಿಗಳ ಬಗಲಲ್ಲೇ ಬೆಳೆದ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ನಾವು ಯಾರೂ ಉಣ್ಣುವುದಿಲ್ಲ. ಅಮ್ಮನದು ಇದರಲ್ಲಿ ಒಂದು ಕೈ ಮೇಲೆ. ಸಂಜೆ ಬಾಯಿ ಮುಕ್ಕಳಿಸಿ, ಮಂತ್ರ ಹೇಳಿಕೊಂಡು, ಬೆಳಗಾಗುವ ತನಕ ಇನ್ನು ನೀರೂ ಬೇಡ ಎಂದು ನಿಯಮ ತೆಗೆದುಕೊಂಡುಬಿಡುತ್ತಿದ್ದಳು. ಆಮೇಲೆ ಸೂರ್ಯ ಇನ್ನೂ ಕಾಣುತ್ತಿದ್ದರೂ ಅವಳ ಪಾಲಿಗೆ ರಾತ್ರಿಯೇ. ಯಾರು ಕೈಮುಗಿದು ಬೇಡಿದರೂ ಒಂದು ಹನಿ ಮಜ್ಜಿಗೆ ಒಳಗೆ ಹೋಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನನಗೇನೂ ಕಷ್ಟವಿರಲಿಲ್ಲ. ಆದರೆ ದುಡಿಯಲು ಹೋದ ಮಗ ಮನೆಗೆ ಬರುವ ಮುಂಚೆ ಅವಳು ಉಣ್ಣುತ್ತಿರಲಿಲ್ಲ. ಕೈಗೂಸಿನ ತಾಯಿ ಎಂದು ನನ್ನ ಹೆಂಡತಿಯನ್ನು ಗದರಿಸಿ ಮೊದಲೇ ಉಣ್ಣಿಸುತ್ತಿದ್ದಳು. ತಾನು ಮಾತ್ರ ಕಾಯುತ್ತಿದ್ದಳು. "ನೀನು ಹಸ್ಕೊಂಡು ಮಲಗೋದು, ನಾನು ಉಂಡು ತೇಗೋದು. ಚೆನ್ನಾಗಿರುತ್ತೇನೋ ಅದು?" ಎನ್ನುತ್ತಿದ್ದಳು. ನಾನು ತಡವಾದ ದಿನ ಇಬ್ಬರಿಗೂ ಉಪವಾಸ.

ಆ ವರ್ಷ ಅವಳಿಗೆ ಟೈಫಾಯಿಡ್ ಆಗಿ, ಹಾಸನದ ಆಸ್ಪತ್ರೆಯಿಂದ ಎಲುಬು ಎಣಿಸುವ ಹಾಗಾಗಿ ಮನೆಗೆ ಬಂದಿದ್ದಳು. ರಾತ್ರಿ ಹೊಟ್ಟೆ ಖಾಲಿ ಬಿಡಲೇಬಾರದು ಎಂದು ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡು ಹೇಳಿದ್ದರು. ನಾನು ಒಂದು ಸಲ ತಡ ಮಾಡಿದೆ. ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಅವಳನ್ನು ಎತ್ತಿದಾಗ ನನ್ನ ಮಗುವನ್ನು ಎತ್ತಿದಷ್ಟೇ ಹಗುರ ಎನಿಸಿತು. ಆವತ್ತಿನಿಂದ ನನಗೆ ಭಯ ಹತ್ತಿಕೊಂಡಿತು. ಸಂಜೆ ಸೂರ್ಯನಿಗಿಂತ ಮೊದಲು ಮನೆ ಸೇರುವುದೊಂದೇ ನನ್ನ ತಲೆಯಲ್ಲಿ.

ಸೇರಿಸಬೇಕಾದ ಗಾಡಿಯೋ, ಹಳೆಯ ಪೆಟ್ರೋಲ್ ಪಿಕಪ್ಪು. ಅರೇಹಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಿಂದ ಕೊಂಡದ್ದು. ಮಾರುವಾಗಲೇ ಎಸ್ಟೇಟಿನ ಸಾಹುಕಾರರು ಹೇಳಿದ್ದರು, "ಇದರ ಇಂಜಿನ್ನಿಗೆ ಸೂಪರ್ರೇ ಹಾಕಿಸಿ. ಆರ್ಡಿನರಿ ಹಾಕಿದ್ರೆ ಏರಿನಲ್ಲಿ ಬಡಿಯುತ್ತೆ." ಆಗ ಪೆಟ್ರೋಲಿನಲ್ಲಿ ಎರಡು ಜಾತಿ. ಎಂಬತ್ತಮೂರು ಆಕ್ಟೇನಿನದು ಆರ್ಡಿನರಿ, ತೊಂಬತ್ತಮೂರರದ್ದು ಸೂಪರ್. ನಮ್ಮ ದಾರಿಯ ಪಂಪುಗಳಲ್ಲಿ ಸಿಗುತ್ತಿದ್ದುದು ಆರ್ಡಿನರಿಯೊಂದೇ. ಸೂಪರ್ ಬೇಕೆಂದರೆ ಹಾಸನಕ್ಕೆ ಹೋಗಬೇಕು. ನನ್ನ ಕೊಬ್ಬರಿ ಹೋಗುವುದು ಅರಸೀಕೆರೆಗೆ.

ಹಾಗಾಗಿ ಗಾಡಿ ಬಡಿಯುತ್ತಿತ್ತು. ಸಮ ರಸ್ತೆಯಲ್ಲಿ ಸಾಧುವಾಗಿ ಬಂದದ್ದು, ಜಾವಗಲ್ ದಾಟಿ ಏರು ಸಿಕ್ಕಿದ ತಕ್ಷಣ ಬಾನೆಟ್ಟಿನೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಕಟಕ ಟಕಟಕ. ಕಾಲು ಒತ್ತಿದಷ್ಟೂ ಜೋರು. ಕಾಲು ತೆಗೆಯಬೇಕು, ಗೇರು ಇಳಿಸಬೇಕು, ತೆವಳಬೇಕು. ಎದುರಿಗೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತ ಇಳಿಯುತ್ತಿದ್ದರೆ ನಾನು ಸ್ಟೇರಿಂಗ್ ಗುದ್ದುತ್ತ ಬೈಯುತ್ತಿದ್ದೆ. ಯಾರನ್ನು ಬೈಯುತ್ತಿದ್ದೆನೋ, ಪೆಟ್ರೋಲನ್ನೋ ಸೂರ್ಯನನ್ನೋ. ಕೊನೆಯದು ಊರ ಹೊರಗಿನ ಏರು. ಅದನ್ನು ಹತ್ತಿದರೆ ಮನೆ ಸಿಕ್ಕಿದ ಹಾಗೆ. ಅಲ್ಲಂತೂ ಬಡಿತ ಊರಿಗೇ ಕೇಳುತ್ತಿತ್ತು. ನನಗೆ ನಾಚಿಕೆ.

ಬೇಲೂರಿನ ಮೆಕ್ಯಾನಿಕ್ಕನ ಹತ್ತಿರ ಹೋದೆ. ಅವನು ಪ್ಲಗ್ಗು ಕಿಡಿ ಕೊಡುವ ಟೈಮಿಂಗನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೊಟ್ಟ. ಬಡಿತ ನಿಂತಿತು, ಅದರ ಜೊತೆ ಗಾಡಿಯ ಶಕ್ತಿಯೂ ಹೋಯಿತು. ಎತ್ತಿನಗಾಡಿಯವರು ನನ್ನನ್ನು ಮಾತಾಡಿಸಿಕೊಂಡು ಪಕ್ಕದಲ್ಲೇ ಬರುವಂತಾಯಿತು. ಎರಡೇ ದಿನಕ್ಕೆ ವಾಪಸ್ಸು ಹೋಗಿ, ಇದ್ದ ಹಾಗೇ ಮಾಡಪ್ಪ ಎಂದೆ.

"ಗಾಡೀದು ತಪ್ಪಿಲ್ಲ ಕಣಣ್ಣ," ಎಂದ ಅವನು. "ಈ ಆರ್ಡಿನರಿಗೆ ತಾಳ್ಮೆ ಇಲ್ಲ. ಪ್ಲಗ್ಗು ಕಿಡಿ ಕೊಡೋಗಂಟ ಕಾಯಕ್ಕಿಲ್ಲ, ಅದುಕ್ಕೆ ಮುಂಚೇನೇ ಹತ್ಕೊಂಬುಡ್ತೈತೆ. ಸೂಪರ್ ಆದ್ರೆ ಕಾಯ್ತೈತೆ. ಹಿಂಗೇ ಬಡೀತಿದ್ರೆ ಒಂದಿನ ಪಿಸ್ಟನ್ ಹೋಯ್ತದೆ, ನೋಡ್ಕಳಿ."

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದೆ. ಅವಳು ಮಗುವನ್ನು ತಟ್ಟುತ್ತ, "ಕಿಡಿ ಬೀಳೋಕೆ ಮುಂಚೆ ಹತ್ಕೊಳ್ಳೋದಾ? ಹಾಗಾದ್ರೆ ನೀವೂ ಆರ್ಡಿನರಿನೇ ಬಿಡಿ" ಎಂದಳು. ಒಳಗಿನಿಂದ ಅಮ್ಮ ನಕ್ಕದ್ದು ಕೇಳಿಸಿತು. ಕಾಯಿಲೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಅದಕ್ಕೆ ನಾನು ಸಿಟ್ಟಾಗಲಿಲ್ಲ.

ಆಷಾಢದಲ್ಲಿ ಒಂದು ದಿನ ಅರಸೀಕೆರೆಯ ಪಂಪಿನಲ್ಲಿ ಹೊಸದೊಂದು ಮಿಷನ್ ನಿಂತಿತ್ತು. ಸೂಪರ್ ಬಂದಿದೆ ಎಂದ ಪಂಪಿನವನು. ರೋಗಿಗೆ ಔಷಧ ಸಿಕ್ಕ ಹಾಗಾಯಿತು ನನಗೆ. ಟ್ಯಾಂಕಿನ ತಳದಲ್ಲಿದ್ದ ಹಳೆಯದರ ಮೇಲೆ ಕುತ್ತಿಗೆವರೆಗೆ ಹಾಕಿಸಿದೆ. ಆವತ್ತು ಮಂಡಿಯಲ್ಲಿ ಬೇರೆ ತಡವಾಗಿತ್ತು, ಮೋಡ ಬೇರೆ ಕವಿದಿತ್ತು. ಸೂರ್ಯ ಎಲ್ಲಿದ್ದಾನೆ ಎಂದೇ ಗೊತ್ತಾಗದ ದಿನಗಳಲ್ಲಿ ನನ್ನ ಚಡಪಡಿಕೆ ಇಮ್ಮಡಿ. ಕಾಣುವ ಸೂರ್ಯನ ಜೊತೆ ಓಡಬಹುದು, ಕಾಣದವನ ಜೊತೆ ಹೇಗೆ ಓಡುವುದು? ಕೈಗಡಿಯಾರ ನೋಡುವುದು, ಮೋಡ ನೋಡುವುದು, ಮತ್ತೆ ಗಡಿಯಾರ.

ಆದರೆ ಗಾಡಿ! ಜಾವಗಲ್ ದಾಟಿದ ಮೇಲಿನ ಏರನ್ನು ಅದು ಗೇರು ಇಳಿಸದೆ ಹತ್ತಿತು. ನಾನು ಅಭ್ಯಾಸದಂತೆ ಹಲ್ಲು ಕಚ್ಚಿ ಬಡಿತಕ್ಕೆ ಕಾದೆ. ಬರಲಿಲ್ಲ. ಕಾಲು ಒತ್ತಿದೆ, ಆಗಲೂ ಬರಲಿಲ್ಲ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತಿತ್ತು. ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ಊರ ಹೊರಗಿನ ಏರಿಗೆ ಬಂದಾಗ ಗಡಿಯಾರ ನೋಡಿದೆ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಗಬಗಬನೆ ಅಲ್ಲದಿದ್ದರೂ ಬೇಗ ಬೇಗ ಉಂಡರೆ ಇಬ್ಬರ ಊಟಕ್ಕೂ ಸಾಕು. ಆ ಏರನ್ನೂ ಸದ್ದಿಲ್ಲದೆ ಹತ್ತಿ ಮನೆಯ ಮುಂದೆ ನಿಲ್ಲಿಸಿದೆ. ಗೆದ್ದೆ ಎನಿಸಿತು. ಬಾಗಿಲಲ್ಲೇ "ಅಮ್ಮಾ, ತಟ್ಟೆ ಹಾಕು" ಎಂದು ಕೂಗಿದೆ.

ಅಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ತಟ್ಟೆಗಳು ಗೋಡೆಯ ಪಕ್ಕ ಕವುಚಿಟ್ಟ ಹಾಗೇ ಇದ್ದವು. ಅವಳು ನನ್ನನ್ನು ನೋಡಿದಳು, ಬಾಗಿಲಾಚೆಯ ಬೆಳಕನ್ನು ನೋಡಿದಳು.

"ಬಂದ್ಯಾ? ಗೊತ್ತೇ ಆಗಲಿಲ್ಲವಲ್ಲೋ," ಎಂದಳು. "ನಿಯಮ ತೊಗೊಂಡುಬಿಟ್ಟೆ. ಈಗಷ್ಟೇ."

ನನಗೆ ಅರ್ಥವಾಗಲಿಲ್ಲ. ಹೆಂಡತಿ ಅಡುಗೆಮನೆಯಿಂದ ಬಂದು ಹೇಳಿದಳು. ದಿನಾ ಸಂಜೆ ಅಮ್ಮ ಕಿವಿಯನ್ನು ಆ ಏರಿನ ಕಡೆಗೇ ಇಟ್ಟುಕೊಂಡು ಕೂರುತ್ತಿದ್ದಳಂತೆ. ಟಕಟಕ ಕೇಳಿಸಿತೋ, ಎದ್ದು ತಟ್ಟೆ ಹಾಕುವುದು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅನ್ನ ಆರಿಸಿ ಇಟ್ಟಿರುವುದು. ಆ ಸದ್ದಾದ ಮೇಲೆ ಊಟ ಮುಗಿಸಲು ಎಷ್ಟು ಹೊತ್ತು ಬೇಕು ಎನ್ನುವುದು ಅವಳಿಗೆ ಬಾಯಿಪಾಠ. ಅಷ್ಟು ಹೊತ್ತೂ ಉಳಿದಿಲ್ಲ, ಸದ್ದೂ ಇಲ್ಲ ಎಂದರೆ ಆ ದಿನ ಊಟ ಇಲ್ಲ ಎಂದೇ ಲೆಕ್ಕ. ಅರ್ಧ ಊಟದಲ್ಲಿ ಹೊತ್ತು ಮುಳುಗಿ ಕಲಸಿದ ಅನ್ನ ಬಿಟ್ಟೇಳುವುದು ಅವಳಿಗಾಗದು. ದಿನಾ ನಾನು ಬಂದಾಗ ತಟ್ಟೆ ಹಾಕಿಯೇ ಇರುತ್ತಿತ್ತು. ಹೊತ್ತು ನೋಡಿ ಹಾಕುತ್ತಾಳೆ ಎಂದುಕೊಂಡಿದ್ದೆ.

"ಒಂದು ಗಾಡಿ ಬಂದ ಹಾಗಾಯ್ತು ರೀ," ಎಂದಳು ಹೆಂಡತಿ. "ಅಷ್ಟು ನುಣ್ಣಗೆ ಬಂತಲ್ಲ, ಯಾರೋ ದೇವಸ್ಥಾನ ನೋಡೋಕೆ ಬಂದವರ ಕಾರು ಅಂದ್ಕೊಂಡ್ವಿ."

ನಾನು ಹತ್ತಿಕೊಂಡೆ. ಇನ್ನೂ ಬೆಳಕಿದೆ, ಮೋಡ ನೋಡಿ ಮೋಸಹೋದೆ ನೀನು, ಗಡಿಯಾರ ಇಲ್ಲಿದೆ ನೋಡು, ದೇವರೇನು ನಿನ್ನ ಬಾಯಿ ಕಾಯುತ್ತ ಕೂತಿದ್ದಾನಾ ಎಂದು ಕೂಗಾಡಿದೆ. ಮಗು ಎದ್ದು ಅತ್ತಿತು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಕೊನೆಗೆ ಅವಳ ಕಾಲ ಹತ್ತಿರ ಕೂತು ಬೇಡಿಕೊಂಡೆ.

"ತೊಗೊಂಡಾಯ್ತು ಕಣೋ," ಎಂದಳು, ಅಷ್ಟೇ. ಆಮೇಲೆ ಗೋಡೆ ಹಿಡಿದು ಎದ್ದು ತಟ್ಟೆಯೊಂದನ್ನು ತಿರುಗಿಸಿ ಇಟ್ಟಳು. "ನೀನು ಉಣ್ಣು, ಏಳು. ಇನ್ನೂ ಹೊತ್ತಿದೆ ಅಂತ ನೀನೇ ಅಂದ್ಯಲ್ಲ."

ಬೇಡವೆಂದೆ. ಕೇಳಲಿಲ್ಲ. ಹೆಂಡತಿಯ ಕೈಗೂ ಕೊಡದೆ ತಾನೇ ಬಡಿಸಿದಳು. ಅನ್ನ, ಹುರುಳಿ ಸಾರು, ಹೀರೇಕಾಯಿ ಪಲ್ಯ. ಎದುರಿಗೆ ಕೂತು ಬೇಗ ಉಣ್ಣು, ಬೇಗ ಉಣ್ಣು ಎನ್ನುತ್ತ, ನಾನು ತುತ್ತು ನುಂಗುವುದನ್ನು ನೋಡುತ್ತಿದ್ದಳು. ಹಸಿದವಳ ಕಣ್ಣೆದುರಿಗೇ ಅಷ್ಟನ್ನೂ ಉಂಡೆ. ತಟ್ಟೆ ಖಾಲಿಯಾದಾಗ ಅವಳ ಮುಖದಲ್ಲಿ ತೃಪ್ತಿಯಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ಬೆಳಿಗ್ಗೆ ಬಚ್ಚಲಿನವರೆಗೆ ಅವಳನ್ನು ನಾನೇ ಹಿಡಿದುಕೊಂಡು ಹೋದೆ. ದಾರಿಯಲ್ಲಿ, ಇನ್ನು ಮೇಲೆ ಏರಿನಲ್ಲಿ ಹಾರ್ನ್ ಹೊಡೆಯುತ್ತೇನೆ ಎಂದೆ.

"ಹಾರ್ನ್ ಎಲ್ಲಾರೂ ಹೊಡೀತಾರೆ," ಎಂದಳು. "ಬಸ್ಸಿನವನು ಹೊಡೀತಾನೆ, ಲಾರಿಯವನು ಹೊಡೀತಾನೆ. ಪ್ರತಿ ಸಲಾನೂ ನೀನೇ ಅಂತ ಎದ್ದು ಕೂರಲಾ ನಾನು?" ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡಳು. "ಆ ಟಕಟಕ ಆದ್ರೆ ನಿಂದೇ."

ಆ ಟ್ಯಾಂಕಿನ ಸೂಪರನ್ನು ಬೇಲೂರಿನ ಓಡಾಟದಲ್ಲಿ ಸುಟ್ಟು ಮುಗಿಸಿದೆ, ಅದೂ ಬೆಳಗಿನ ಹೊತ್ತು. ಮುಂದಿನ ಸಲ ಅರಸೀಕೆರೆಗೆ ಹೋದಾಗ ತೂಕ ಮುಗಿಯಲಿ ಬಿಡಲಿ, ಎರಡೂವರೆಗೆಲ್ಲ ಮಂಡಿ ಬಿಟ್ಟೆ. ಮಿಕ್ಕ ಮೂಟೆ ನಾಳೆಗೆ ಎಂದೆ. ಪಂಪಿನವನು ನನ್ನನ್ನು ನೋಡಿದ ತಕ್ಷಣ ಹೊಸ ಮಿಷನ್ನಿಗೆ ಕೈ ಹಾಕಿದ.

"ಆರ್ಡಿನರಿ ಹಾಕಪ್ಪ."

"ಯಾಕ್ರೀ, ಅದು ಹಿಡಿಸಲಿಲ್ವಾ ಗಾಡಿಗೆ?"

"ಗಾಡಿಗೆ ಹಿಡಿಸ್ತು," ಎಂದೆ.

ಆ ಸಂಜೆ ಮೋಡವಿರಲಿಲ್ಲ. ದಾರಿಯುದ್ದಕ್ಕೂ ನಿಧಾನವಾಗಿಯೇ ಬಂದೆ. ಬಡಿತ ಶುರುವಾದಲ್ಲೆಲ್ಲ ಪಿಸ್ಟನ್ನಿನ ಮೇಲೆ ಕನಿಕರದಿಂದ ಗೇರು ಇಳಿಸಿದೆ. ಊರ ಹೊರಗಿನ ಏರಿನ ಬುಡಕ್ಕೆ ಬಂದಾಗ ಮಾತ್ರ ಇಳಿಸಲಿಲ್ಲ. ಟಾಪ್ ಗೇರಿನಲ್ಲೇ ಕಾಲು ಒತ್ತಿದೆ. ಇಂಜಿನ್ನು ನಡುಗಿತು, ಟಕಟಕ ಟಕಟಕ ಎಂದು ಬಡಿಯತೊಡಗಿತು. ಇನ್ನೂ ಒತ್ತಿದೆ.

ಮನೆಗೆ ಬಂದಾಗ ಎರಡು ತಟ್ಟೆ ಹಾಕಿತ್ತು. ಅಮ್ಮ ಅನ್ನ ಆರಿಸುತ್ತಿದ್ದಳು. ತಲೆ ಎತ್ತದೆ, "ಕೈಕಾಲು ತೊಳ್ಕೊಂಡು ಬಾ" ಎಂದಳು.