ಒಂದೇ ಗುಳಿಗೆ, ಎರಡು ಹೆಸರು

"ಅಕ್ಕಾರ, ಈ ಹುಡುಗೀಗೆ ಮನ್ಯಾಗ ಏನಂತ ಕರೀತೀರಿ?" ನಿಪ್ಪಾಣಿಯ ಔಷಧ ಅಂಗಡಿಯ ಮುದುಕರು ನನ್ನನ್ನು ತೋರಿಸಿ ಅವ್ವನನ್ನು ಕೇಳಿದರು.

ಎಂಬತ್ತರ ದಶಕವದು. ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದ ಅವ್ವನಿಗೆ ದಮ್ಮಿನ ಕಾಯಿಲೆ. ಗುಳಿಗೆ ತುಟ್ಟಿಯೆಂದು ದಿನ ಬಿಟ್ಟು ದಿನ ನುಂಗುತ್ತಿದ್ದಳು. ಅಂಗಡಿಯ ಮುದುಕರು ಕೊಟ್ಟ ಅಗ್ಗದ ಗುಳಿಗೆಯನ್ನು, ಹೆಸರು ಬೇರೆಯೆಂದು ಆಗಷ್ಟೇ ಹಿಂದಕ್ಕೆ ತಳ್ಳಿದ್ದಳು.

"ಬೇಬಿ ಅಂತೀವ್ರಿ. ಸಾಲ್ಯಾಗ ಸುನಂದಾ."

"ಎರಡೂ ಹೆಸರಿಗೆ ಓ ಅನ್ನಾಕಿ ಒಬ್ಬಾಕಿನ ಹೌದಿಲ್ರಿ? ಈ ಗುಳಿಗಿನೂ ಹಂಗ. ಬೇಕಾದ್ರ ಡಾಕ್ಟರನ್ನ ಕೇಳ್ರಿ."

ಡಾಕ್ಟರೂ ಹೌದೆಂದರು. ಅವ್ವ ಮತ್ತೆ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ.

ಅಲ್ಲಿಯವರೆಗೆ ಅವ್ವನಿಗೆ ಕೂಗುವಷ್ಟು ಉಸಿರಿಲ್ಲದೆ, ಆಟದಿಂದ ನನ್ನನ್ನು ಕರೆಯಲು ನೆರೆಯವರೇ ಕೂಗಬೇಕಿತ್ತು. ಆ ದೀಪಾವಳಿಗೆ "ಬೇಬೀ" ಎಂದು ಅವ್ವ ಕೂಗಿದ್ದು ಇಡೀ ಓಣಿಗೆ ಕೇಳಿಸಿತು.