ಕೊಲ್ಲಮೊಗ್ರಿನಿಂದ ಮುಂಬೈ ಎಷ್ಟು ದೂರ

ಫೋನಿನಲ್ಲಿ ಮಂಗಳೂರು, ಮುಂಬೈ ಎಂದು ಎರಡು ಹೆಸರು ಒತ್ತಿದರೆ ಸಾಕು, ವಿಮಾನದಲ್ಲಿ ಒಂದೂವರೆ ಗಂಟೆ ಎಂದು ಅದು ಥಟ್ಟನೆ ಹೇಳಿಬಿಡುತ್ತದೆ. ಮೊನ್ನೆ ಯಾರಿಗೋ ಬೇಕಾಗಿ ಹಾಗೆ ನೋಡುತ್ತಿದ್ದಾಗ ಕೊಲ್ಲಮೊಗ್ರು ಹಳ್ಳಿಯ ಅತ್ತೆ ಮನೆ ಜಗಲಿ ಕಣ್ಣ ಮುಂದೆ ಬಂತು ನೋಡಿ. ಅಂದು ಅಲ್ಲಿ ಕೂತಿದ್ದವರು ಅಪ್ಪನ ತಂಗಿ ಲಕ್ಷ್ಮಿ ಅತ್ತೆ, ಮಾವ, ಮಾವನ ಅಣ್ಣ ದೊಡ್ಡ ಮಾವ, ಮತ್ತೆ ಪುತ್ತೂರಿನಿಂದ ಕರೆಸಿಕೊಂಡ ವಿಮಾನ ತಜ್ಞನಾದ ನಾನು. ವಿಮಾನವನ್ನು ನಾನು ಕತ್ತೆತ್ತಿ ನೋಡಿದ್ದುಂಟು, ಹತ್ತಿದ್ದಿಲ್ಲ. ಮನೆತನದಲ್ಲಿ ನನ್ನ ಫೋನು ದೊಡ್ಡದು, ಅರ್ಹತೆ ಅಷ್ಟೇ.

ಮುಂಬೈಯಲ್ಲಿದ್ದ ಅತ್ತೆಯ ತಂಗಿ ಶಾರದತ್ತೆಗೆ ಹಾರ್ಟಿನ ಆಪರೇಷನ್ ಎಂದು ಸುದ್ದಿ ಬಂದಿತ್ತು. ಅದಕ್ಕೆ ಮೊದಲು ಅಲ್ಲಿಗೆ ಮುಟ್ಟಬೇಕು ಎಂದು ಅತ್ತೆಯ ಹಟ.

"ಅಷ್ಟು ದೂರ ಒಬ್ಬಳೇ ಎಂತಕ್ಕೆ?" ಎಂದರು ದೊಡ್ಡ ಮಾವ. "ಆಪರೇಷನ್ ಮಾಡುದು ಡಾಕ್ಟ್ರು. ನಿನಗೆಂತ ಅಲ್ಲಿ ಹೊಲಿಗೆ ಹಾಕ್ಲಿಕ್ಕುಂಟಾ?"

"ಎಷ್ಟು ದೂರ ಅಂತ ಇವನಲ್ಲಿ ಕೇಳಿ."

"ಒಂದೂವರೆ ಗಂಟೆ" ಎಂದೆ ನಾನು, ಪೈಲಟಿನ ಗತ್ತಿನಲ್ಲಿ.

"ಕೇಳಿತಾ ಭಾವ? ನೀವು ಪುತ್ತೂರಿನ ಕೋರ್ಟಿಗೆ ಹೋಗುದಕ್ಕೆ ಅದಕ್ಕಿಂತ ಹೆಚ್ಚು ಬೇಕು."

ಮಾವ ಮೆಲ್ಲ ಬಾಯಿ ಬಿಟ್ಟರು. "ಅದು ಆಕಾಶದ ಲೆಕ್ಕ. ಇಲ್ಲಿಂದ ಮಂಗಳೂರಿಗೇ ಅರ್ಧ ದಿನ. ಮತ್ತೆ ನಿನಗೆ ಹಿಂದಿ ಬರ್ತದಾ?"

"ತುಳು ಬರ್ತದೆ, ಅರೆಭಾಷೆ ಬರ್ತದೆ, ಮಲಯಾಳ ಅರ್ಥ ಆಗ್ತದೆ. ಮುಂಬೈಯಲ್ಲಿ ಇದೊಂದೂ ಬಾರದವರು ಇದ್ದಾರಾ ಅಂತ ನೋಡಿಯೇ ಬರ್ತೇನೆ."

ನಮ್ಮ ಕಡೆಯ ದೂರದ ಲೆಕ್ಕವೇ ಒಂದು ವಿಚಿತ್ರ. ಹೆಣ್ಣು ಕೇಳಲು ಬಂದವರು "ಇಲ್ಲೇ ಹತ್ತಿರ" ಎನ್ನುತ್ತಾರೆ. ಮದುವೆಯಾಗಿ ಬಂದವಳು ತವರಿಗೆ ಹೊರಟಳೋ, ಅದೇ ದಾರಿ ರಾತ್ರಿ ಬೆಳಗಾಗುವುದರೊಳಗೆ ಉದ್ದವಾಗಿರುತ್ತದೆ. ಅತ್ತೆಯ ಮನೆಗೂ ರಸ್ತೆಗೂ ನಡುವೆ ಒಂದು ಹೊಳೆ. ಅಡಿಕೆ ಮರ ಜೋಡಿಸಿ ಅದನ್ನು ದಾಟಲು ಸಂಕ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ನೀರು ಅದನ್ನು ಒಯ್ದರೆ, ಮತ್ತೆ ಕಟ್ಟುವವರೆಗೆ ಹೆಂಗಸರ ತಿರುಗಾಟ ಬಂದ್. ಗಂಡಸರಿಗೆ ಮಾತ್ರ ಗುಡ್ಡ ಸುತ್ತಿ ಹೋಗುವ ದಾರಿ ಇತ್ತು.

ಅತ್ತೆ ದೊಡ್ಡ ಮಾವನ ಕಡೆಗೇ ತಿರುಗಿದರು. ದನಿ ಏರಲಿಲ್ಲ.

"ಭಾವ, ಕೊಯಿಲದ ನಮ್ಮ ಮನೆಗೆ ನನ್ನನ್ನು ಕೇಳ್ಲಿಕ್ಕೆ ಬಂದಾಗ ಹತ್ತಿರ ಅಂತ ಹೇಳಿದ್ದು ನೀವು. ಆಟಿ ತಿಂಗಳ ಮಳೆಯಲ್ಲಿ ಅಮ್ಮ ಹೋದಾಗ, ಸಂಕ ಇಲ್ಲ, ದೂರ ಅಂತ ಹೇಳಿದ್ದೂ ನೀವೇ. ನಾನು ಮುಟ್ಟುವಾಗ ಬೂದಿ ಸಹ ತಣಿದಿತ್ತು. ಈ ಸಲ ದೂರ ಎಷ್ಟು ಅಂತ ನಾನು ಹೇಳ್ತೇನೆ."

ದೊಡ್ಡ ಮಾವ ಹಚ್ಚಿಯಾಗಿದ್ದ ವೀಳ್ಯದೆಲೆಗೇ ಮತ್ತೊಮ್ಮೆ ಸುಣ್ಣ ಹಚ್ಚಿದರು.

"ಎಂತ ನೋಡ್ತಿ ಮಾರಾಯ? ಟಿಕೆಟು ಮಾಡು. ಕಿಟಕಿ ಹತ್ತಿರದ್ದು" ಎಂದರು ಅತ್ತೆ ನನಗೆ.

"ವಾಪಸಿನದ್ದು ಯಾವಾಗಕ್ಕೆ ಅತ್ತೆ?"

"ಅದು ಶಾರದೆ ಎದ್ದು ನಡೆದ ಮೇಲೆ. ಈಗ ಹೋಗುದು ಮಾತ್ರ."

ಮಾವ ಎದ್ದು ಒಳಗೆ ಹೋದರು. ಅಟ್ಟದಿಂದ ಚೀಲ ಇಳಿಸಿದ ಸದ್ದು ಕೇಳಿತು.

ಶಾರದತ್ತೆಯನ್ನು ಆಪರೇಷನ್ನಿಗೆ ಒಯ್ಯುವಾಗ ಬಾಗಿಲಿನವರೆಗೂ ಲಕ್ಷ್ಮಿ ಅತ್ತೆ ಕೈ ಹಿಡಿದುಕೊಂಡೇ ನಡೆದರಂತೆ. ಮರುದಿನ ಅವರದೇ ಫೋನು ಬಂತು. "ಕಣ್ಣು ಬಿಟ್ಟಳು ಮಾರಾಯ. ಬಿಟ್ಟ ಕೂಡಲೇ ನನಗೆ ಬೈದಳು, ಇಷ್ಟು ದೂರ ಎಂತಕ್ಕೆ ಬಂದದ್ದು ಅಕ್ಕ, ಅಂತ."

ಅತ್ತೆ ಮತ್ತೆ ಎರಡು ತಿಂಗಳು ಅಲ್ಲೇ ನಿಂತರು.